ಗಾಂಧಿಪುರಂಗೆ ಬಾರದ ಬಸ್ಸು

ದಕ್ಷಿಣ ಅಮೆರಿಕೆಗೆ ಹೊರಟ ನಮ್ಮ ಹಡಗು ಕೊಚ್ಚಿಯಲ್ಲಿ ಎರಡು ದಿನ ನಿಂತಿತು. ಉಳಿದವರು ಹಡಗಿನವರ ವ್ಯಾನಿನಲ್ಲಿ ಊರು ನೋಡಲು ಹೋದರು. ನಾನೊಬ್ಬಳೇ ಬಸ್ಸು ಹಿಡಿದು ಕೊಯಮತ್ತೂರಿಗೆ, ಚಿಕ್ಕಮ್ಮನ ಮನೆಗೆ ಬಂದೆ.

ಮರುದಿನ ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಎಷ್ಟು ಕಾದರೂ ಕೊಚ್ಚಿಯ ಬಸ್ಸು ಬರಲಿಲ್ಲ. ಹಡಗು ಸಂಜೆಗೆ ಹೊರಡುವುದಿತ್ತು.

“ಹೋದ್ರೆ ಹೋಗ್ಲಿ ಕಣ್ಣು, ನಮ್ಮನೇಲೇ ಇರು,” ಎಂದಳು ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದ ಚಿಕ್ಕಮ್ಮ.

“ಬ್ರೆಜಿಲ್‌ನಲ್ಲಿ ನಮ್ಮ ಯಜಮಾನರು ಕಾಯ್ತಿದ್ದಾರೆ,” ಎಂದೆ.

ಅವಳು ಹೋಗಿ, ಪಂಪು ಹೇರಿಕೊಂಡು ಕೊಚ್ಚಿಗೆ ಹೊರಟಿದ್ದ ಲಾರಿಯ ಮುಂದೆ ನಿಂತಳು. ಹೆಂಗಸರನ್ನು ಹತ್ತಿಸುವುದಿಲ್ಲ ಎಂದ ಡ್ರೈವರಿಗೆ, ಇವಳು ನನ್ನ ಮಗಳು ಎಂದು ತಮಿಳಿನಲ್ಲಿ ಹೇಳಿದಳು; ದಾರಿ ಬಿಡಲಿಲ್ಲ. ಕೊನೆಗೆ ಅವನು ಬಾಗಿಲು ತೆಗೆದ.

ನನ್ನ ಹಿಂದೆಯೇ ಅವಳೂ ಹತ್ತಿದಳು. “ಒಬ್ಳನ್ನೇ ಕಳಿಸ್ತೀನಾ? ತಳ್ಳಿ ಕೂತ್ಕೋ, ನಂಗೂ ಜಾಗ ಬಿಡು.”

ಹಡಗಿನ ಏಣಿಯ ಬುಡದವರೆಗೂ ಅವಳು ನನ್ನ ಕೈ ಬಿಡಲಿಲ್ಲ.