ಜಾರುವ ಹರಳಿಗೆ ಟಾಕು ಹಾಕಿದವಳು

ಹತ್ತೊಂಬತ್ತು ವರ್ಷ ಕೋಟು ಹೊಲಿದವಳು ಪ್ರಯೋಗಾಲಯ ಸೇರಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದೇನೂ ಅಲ್ಲ. ರೆಡಿಮೇಡ್ ಅಂಗಡಿಗಳು ಬಂದು ಅವಳ ಹೊಲಿಗೆ ಯಂತ್ರ ಮೂಲೆ ಸೇರಿತ್ತು. ಪ್ರಯೋಗಾಲಯಕ್ಕೆ ಕೈ ನಡುಗದವರೊಬ್ಬರು ಬೇಕಾಗಿತ್ತು. ಅಲ್ಲಿದ್ದ ಪಂಡಿತರ ಕೈಗಳೆಲ್ಲ ನಡುಗುತ್ತಿದ್ದವು, ಕಾಫಿಯಿಂದಲೋ ಪಾಂಡಿತ್ಯದ ಭಾರದಿಂದಲೋ ತಿಳಿಯದು. ಎಲ್ಲರ ಬಾಯಲ್ಲೂ ಅವಳು ಟೈಲರಕ್ಕ ಆದಳು.

ಅವಳ ಕೆಲಸ ಇಷ್ಟು: ಅರೆವಾಹಕದ ಹರಳಿಗೆ ಅಂಟುಟೇಪು ಹಚ್ಚಿ ಕೀಳಬೇಕು, ಮತ್ತೆ ಹಚ್ಚಿ ಕೀಳಬೇಕು. ಕೊನೆಗೆ ಉಳಿಯುವ ಮೂರೇ ಪರಮಾಣು ದಪ್ಪದ ಚೂರನ್ನು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂರಿಸಬೇಕು. ಪಟ್ಟಿಯನ್ನು ಬಗ್ಗಿಸಿದರೆ ಚೂರು ಹಿಗ್ಗುತ್ತದೆ. ಹಿಗ್ಗಿದ ಚೂರಿನ ಮೇಲೆ ಲೇಸರ್ ಬಿಟ್ಟರೆ ಅದು ಹೊಮ್ಮಿಸುವ ಬೆಳಕು ಹಿಗ್ಗಿದಷ್ಟೂ ಕೆಂಪಿನತ್ತ ಸರಿಯಬೇಕು ಎಂಬುದು ಪ್ರಯೋಗಾಲಯದ ಯಜಮಾನರಾದ ಪ್ರೊಫೆಸರ ಲೆಕ್ಕ.

“ಕಣ್ಣಿಗೆ ಕಾಣದ್ದನ್ನ ಎಳೆಯೋಕೆ ಸಂಬಳ ಕೊಡ್ತಾರಾ?” ಎಂದ ಅವಳ ಗಂಡ.

“ಎಳೆಯೋಕಲ್ಲ ರೀ, ಹರಿಯದ ಹಾಗೆ ಎಳೆಯೋಕೆ.”

ಆದರೆ ಬೆಳಕು ಪ್ರೊಫೆಸರ ಮಾತು ಕೇಳಲಿಲ್ಲ. ಪಟ್ಟಿಯನ್ನು ಎಷ್ಟೇ ಬಗ್ಗಿಸಲಿ, ಪರದೆಯ ಮೇಲೆ ಆ ಬೆಳಕಿನ ಬಣ್ಣ ತೋರಿಸುವ ಗೆರೆ ಒಂದಿಷ್ಟು ಕೆಂಪಿಗೆ ಸರಿದು ಅಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು. ಪ್ರೊಫೆಸರು ಮೊದಲು ಲೇಸರನ್ನು ಬೈದರು, ನಂತರ ಏಸಿಯನ್ನು, ಕೊನೆಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯನ್ನು. ಇದೇ ವಿಷಯಕ್ಕೆ ಮೂರು ಸಭೆಗಳಾದವು. ಮೂರರಲ್ಲೂ ಬಿಸ್ಕತ್ತು ಚೆನ್ನಾಗಿತ್ತು.

ನಾಲ್ಕನೆಯ ಸಭೆಯಲ್ಲಿ ಟೈಲರಕ್ಕ ಬಾಯಿ ಬಿಟ್ಟಳು. “ಸಾರ್, ಕೆಳಗಿನ ಪಟ್ಟಿ ಹಿಗ್ತಾ ಇದೆ, ಮೇಲಿನ ಚೂರು ಜಾರ್ತಾ ಇದೆ. ಅಂಚು ಹಿಡಿಸದೆ ಲೈನಿಂಗ್ ಎಳೆದ್ರೆ ಮೇಲಿನ ಬಟ್ಟೆ ಬರಲ್ಲ. ಎರಡು ಕಡೆ ಟಾಕು ಹಾಕ್ಬೇಕು, ಜಾರದ ಹಾಗೆ ಹಿಡಿಯೋ ಹೊಲಿಗೆ.”

“ಇದು ಬಟ್ಟೆಯಲ್ಲಮ್ಮ, ಭೌತಶಾಸ್ತ್ರ,” ಎಂದರು ಪ್ರೊಫೆಸರು, ಮಗುವಿಗೆ ಹೇಳುವಷ್ಟು ಮೆತ್ತಗೆ.

ಅವಳ ಮುಖ ಕೆಂಪಾಯಿತು. ಇನ್ನು ತುಟಿ ಬಿಚ್ಚಬಾರದು ಅಂದುಕೊಂಡಳು. ಆದರೆ ಬೈಸಿಕೊಂಡು ಸಾಕಾಗಿದ್ದ ಹುಡುಗಿ ಹೊರಗೆ ಬಂದು ಅವಳ ಕೈ ಹಿಡಿದಳು. “ಅಕ್ಕಾ, ದಾರದಲ್ಲಂತೂ ಆಗಲ್ಲ. ಚಿನ್ನದ ಲೇಪ ಕೊಟ್ರೆ?”

ಪ್ರೊಫೆಸರು ಯಾವುದೋ ಊರಿನಲ್ಲಿ ಭಾಷಣ ಮಾಡುತ್ತಿದ್ದ ವಾರ ಇಬ್ಬರೂ ಹೇಳದೆ ಕೇಳದೆ ಕೆಲಸಕ್ಕೆ ಕೂತರು. ಟೈಲರಕ್ಕ ಸೂಕ್ಷ್ಮದರ್ಶಕದಡಿ ಉಸಿರು ಬಿಗಿಹಿಡಿದು ಚೂರಿನ ನಡುಭಾಗವನ್ನು ಚಿನ್ನ ತಾಗದಂತೆ ಮುಚ್ಚಿದಳು, ಹುಡುಗಿ ಎರಡು ಅಂಚಿಗೂ ತೆಳುವಾಗಿ ಚಿನ್ನ ಕೂರಿಸಿದಳು. ಎರಡು ಚೂರು ಹರಿದವು. ಮೂರನೆಯದನ್ನು ಬಗ್ಗಿಸಿದಾಗ ಗೆರೆ ಕೆಂಪಿನತ್ತ ಹೊರಟಿತು, ಇನ್ನಷ್ಟು ಬಗ್ಗಿಸಿದರೆ ಇನ್ನಷ್ಟು ಸರಿಯಿತು. ಬಿಟ್ಟರೆ ಮೊದಲಿನ ಜಾಗಕ್ಕೇ ಬಂತು. ಮೊದಲ ಕೋಟು ಗಿರಾಕಿಯ ಹೆಗಲಿಗೆ ಸರಿಯಾಗಿ ಕೂತ ದಿನವೂ ಟೈಲರಕ್ಕನಿಗೆ ಇಷ್ಟು ಖುಷಿಯಾಗಿರಲಿಲ್ಲ.

ಊರಿಂದ ಬಂದ ಪ್ರೊಫೆಸರು ಪರದೆ ನೋಡಿ, “ನಾನು ಮೊದಲೇ ಹೇಳಿರಲಿಲ್ವಾ?” ಎಂದರು. ಅಂದೇ ಪ್ರಬಂಧ ಬರೆಯಲು ಕೂತರು.

ಪ್ರಬಂಧದಲ್ಲಿ ಟಾಕು ಎಂಬ ಪದಕ್ಕೆ ಗಾಂಭೀರ್ಯ ಸಾಲದೆಂದು ಅದು ‘ಅಂಚು ಸ್ಥಿರೀಕರಣ ವಿಧಾನ’ವಾಯಿತು. ಹುಡುಗಿ ಹಟ ಹಿಡಿದು ಟೈಲರಕ್ಕನ ಹೆಸರನ್ನು ಲೇಖಕರ ಸಾಲಿಗೆ ಸೇರಿಸಿದಳು. ಕೊನೆಯ ಹೆಸರಿಗಿಂತ ಒಂದು ಮುಂಚೆ. ಕೊನೆಯದು ಪ್ರೊಫೆಸರ ಖಾಸಾ ಜಾಗ.

ಆ ವರ್ಷವೇ ಅವಳ ಕೆಲಸ ಕಾಯಂ ಆಯಿತು. ಪ್ರೊಫೆಸರು ಬರೆದ ಶಿಫಾರಸು ಪತ್ರವನ್ನು ಗಂಡ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದ: “ಇವರ ಅತಿ ದೊಡ್ಡ ಗುಣವೆಂದರೆ, ಹೇಳಿದ ಮಾತನ್ನು ಚಾಚೂತಪ್ಪದೆ ಪಾಲಿಸುವುದು.”

ಟೈಲರಕ್ಕ ನಕ್ಕ ನಗೆಗೆ ಕೈಲಿದ್ದ ಸೌಟು ಜಾರಿ ಬಿತ್ತು.