ತೋಟದಮ್ಮನಿಗೆ ಹೇಳದೆ ಉಳಿಸಿದ ಮಾತು

ಎದುರುಮನೆಯವರು ತಮ್ಮ ಊರಿನ ಅಮ್ಮನಿಗೆ ದೀಪ ಹೊತ್ತು ಬಂದ ಮರುದಿನ ಬಾಳೆಲೆಯ ತುಂಡಿನಲ್ಲಿ ಒಂದು ತಂಬಿಟ್ಟು ತಂದುಕೊಟ್ಟರು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಕಟ್ಟಿ, ನಡುವೆ ಗುಳಿ ಮಾಡಿ, ತುಪ್ಪದಲ್ಲಿ ಬತ್ತಿ ಹೊತ್ತಿಸಿದ ತಂಬಿಟ್ಟು. ಬತ್ತಿ ಆರಿದ ಜಾಗದಲ್ಲಿ ಹಿಟ್ಟು ಕಪ್ಪಾಗಿತ್ತು. ಸುಟ್ಟ ತುಪ್ಪ, ಬೆಲ್ಲ, ಏಲಕ್ಕಿ ಬೆರೆತ ಆ ವಾಸನೆ ತಾಗುತ್ತಲೇ ನಾನು ಪಾರಾಯಣದ ಪುಸ್ತಕವನ್ನು ಮುಚ್ಚಿಟ್ಟೆ. ಲಕ್ಕೂರಿನ ಆಚೆಯ ಬಂಗಲೆಯ ತೋಟದಮ್ಮ ನೆನಪಾದರು. ಆಕೆಯ ಹೆಸರು ನನಗೆ ಗೊತ್ತಿಲ್ಲ. ಕೇಳಿರಲೂ ಇಲ್ಲ…

ಏಳು ವರ್ಷಗಳ ಹಿಂದೆ ನನಗೆ ಎಪ್ಪತ್ತು ತುಂಬಿತ್ತು. ಭೀಮರಥ ಶಾಂತಿ ಮಾಡಿಸಬೇಕೆಂದು ಮಕ್ಕಳು ನಿಶ್ಚಯಿಸಿದರು. ಕೋಲಾರದ ನಮ್ಮ ಮನೆಯಲ್ಲಿ ಹದಿನೈದು ಎಲೆ ಹಾಕಿದರೆ ಪಡಸಾಲೆ ತುಂಬಿಹೋಗುತ್ತದೆ. ಬರುವ ಬಂಧುಗಳೋ ಎಪ್ಪತ್ತಕ್ಕೆ ಮಿಕ್ಕಿ. ನನ್ನ ಮಗಳು ಹುಡುಕಿ ಗೊತ್ತುಮಾಡಿದ್ದು ಹಿಪ್ಪುನೇರಳೆ ತೋಟಗಳ ನಡುವಿನ ಆ ಬಂಗಲೆಯನ್ನು. ದೊಡ್ಡ ಕುಟುಂಬಗಳು ಎರಡು ಮೂರು ದಿನ ಒಂದೇ ಸೂರಿನಡಿ ಸೇರಿ ನಲಿಯಲೆಂದೇ ಅದನ್ನು ಕಟ್ಟಿಸಿದ್ದರು. ಹದಿನಾಲ್ಕು ಕೋಣೆ, ನೂರು ಮಂದಿ ಕೂರುವ ಊಟದ ಹಜಾರ, ನೀಲಿ ಹಾಸಿನ ಈಜುಕೊಳ, ಅದರ ಸುತ್ತ ಸಮನಾಗಿ ಕತ್ತರಿಸಿದ ಹುಲ್ಲು. ಆಗ ನಾವು ಅಲ್ಲಿದ್ದ ಮೂರೂ ದಿನ ಆ ಕೊಳದ ಬದಿಯ ಒರಗುಕುರ್ಚಿಗಳ ಮೇಲೆ ನಮ್ಮ ಮಡಿಪಂಚೆಗಳು ಒಣಗುತ್ತಿದ್ದವು.

ಆ ಭೂಮಿ ಹಿಂದೆ ತೋಟದಮ್ಮನ ಗಂಡನ ಮನೆತನದ್ದು. ಜಮೀನು ಮಾರಿದ ಮೇಲೆ, ಗಂಡನೂ ತೀರಿಕೊಂಡ ಮೇಲೆ, ಆಕೆ ಅಲ್ಲಿಯೇ ಬಂಗಲೆ ನೋಡಿಕೊಳ್ಳುವ ಕೆಲಸಕ್ಕೆ ನಿಂತಿದ್ದರು. ಹುಲ್ಲಿಗೆ ನೀರು ಬಿಡುವುದು, ಕೋಣೆ ತೆರೆಯುವುದು, ಬಂದವರಿಗೆ ಕಾಫಿ ಕೊಡುವುದು. ಮನೆಯ ಈಶಾನ್ಯಕ್ಕೆ, ಹೊಂಗೆಮರದ ಬುಡದಲ್ಲಿ, ಅರಿಸಿನ ಕುಂಕುಮ ಮೆತ್ತಿದ ಮೊಣಕಾಲೆತ್ತರದ ಒಂದು ಕಲ್ಲಿತ್ತು. ರೂಪವಿಲ್ಲ, ಕೆತ್ತನೆಯಿಲ್ಲ. ವರ್ಷಕ್ಕೊಂದು ದಿನ ಆಕೆಯ ವಂಶದವರೆಲ್ಲ ಬಂದು ಅದಕ್ಕೆ ದೀಪ ಹಚ್ಚಬಹುದೆಂದು ಜಮೀನು ಮಾರುವಾಗ ಬಾಯಿಮಾತಿನ ಒಪ್ಪಂದವಾಗಿತ್ತಂತೆ.

ಮಗಳೊಡನೆ ನಾನು ಬಂಗಲೆ ನೋಡಲು ಮೊದಲು ಹೋದದ್ದು, ದೈವಯೋಗವೆನ್ನಬೇಕು, ಆ ಒಂದು ದಿನವೇ. ಸುಗಟೂರಿನಿಂದ, ದೇವರಾಯಸಮುದ್ರದಿಂದ, ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಹೆಣ್ಣುಮಕ್ಕಳು ತಲೆಯ ಮೇಲೆ ತಂಬಿಟ್ಟಿನ ದೀಪ ಹೊತ್ತು ಬಂದಿದ್ದರು. ನನ್ನನ್ನು ಕಂಡೊಡನೆ ತೋಟದಮ್ಮ, “ಏಮೇ, ಸಾಮಿಕಿ ಕುರ್ಚೀ ಎಯ್!” ಎಂದು ಸೊಸೆಗೆ ತೆಲುಗಿನಲ್ಲಿ ಕೂಗಿ ನೆರಳಲ್ಲಿ ಕುರ್ಚಿ ಹಾಕಿಸಿದರು. ಪಕ್ಕದಲ್ಲಿ ಅಕ್ಕತಂಗಿಯರ ಮಾತು ನಡೆದಿತ್ತು.

“ಲೇ ಅಕ್ಕಾ, ಹೋದ್ವರ್ಷಾನೂ ಇದೇ ಸೀರೆ ಅಲ್ವೇನೇ?”

“ನಿನ್ ಗಂಡ ಹೊಸದು ಕೊಡ್ಸಲಿ, ಮುಂದಿನ್ ವರ್ಷ ಉಟ್ಕೊಂಡ್ ಬರ್ತೀನಿ ಕಣೇ!”

ನಗೆ ಹೊಂಗೆಯ ಕೊಂಬೆಗಳವರೆಗೂ ಏರಿತು. ತೋಟದಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. “ಇದೊಂದ್ ದಿನಾನೇ ಸಾಮೀ, ನಮ್ ಹೆಣ್ಮಕ್ಳು ಒಬ್ರ ಮುಖ ಒಬ್ರು ನೋಡೋದು. ಮದ್ವೆ ಸಾವು ಅಂದ್ರೆ ಅರ್ಧ ಜನ ಬರಲ್ಲ. ಇವ್ನು ಕರೆದ್ರೆ ಮಾತ್ರ ಎಲ್ಲಾರೂ ಬತ್ತಾರೆ.” ಇವನು ಎಂದದ್ದು ಆ ಕಲ್ಲನ್ನು.

ಹೊರಡುವಾಗ ಆಕೆ ಎರಡೂ ಕೈಯಲ್ಲಿ ತಂಬಿಟ್ಟು ಕೊಟ್ಟರು. ನಾನು ಉತ್ತರೀಯದ ಅಂಚಿನಲ್ಲಿ ತೆಗೆದುಕೊಂಡೆ. ಮಧ್ಯಾಹ್ನ ಅಲ್ಲಿ ಕೋಳಿ ಕೊಯ್ಯುವುದಿದೆಯೆಂದು ಕಿವಿಗೆ ಬಿದ್ದಿತ್ತು. ಗೇಟಿನಾಚೆ ಕಟ್ಟಿದ್ದ ಹಸುವಿಗೆ ಅದನ್ನು ತಿನ್ನಿಸಿ, ಗೋಗ್ರಾಸವಾಯಿತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಎರಡು ತಿಂಗಳ ಬಳಿಕ ಶಾಂತಿಯ ಮುನ್ನಾದಿನ ನಾವೆಲ್ಲ ಅಲ್ಲಿಗೆ ಬಂದಿಳಿದೆವು. ಹೋಮಕುಂಡ ಈಶಾನ್ಯದಲ್ಲಾಗಬೇಕೆಂದು ನಾನೇ ಹೇಳಿದ್ದೆ. ಚಪ್ಪರದವರು ಅಳೆದು ನೋಡಿದರೆ ಒಂದು ಕಂಬ ಸರಿಯಾಗಿ ಆ ಕಲ್ಲಿನ ಮೇಲೆಯೇ ಬರುತ್ತಿತ್ತು. ಬಂಗಲೆಯ ಒಡೆಯರು ಅಂದು ಅಲ್ಲಿಯೇ ಇದ್ದರು. ವರ್ಷಕ್ಕೊಮ್ಮೆ ನೆರೆಯುವ ಜನ, ಹೊಗೆ, ಕೋಳಿ, ಇವೆಲ್ಲ ಅತಿಥಿಗಳಿಗೆ ಹಿಡಿಸುವುದಿಲ್ಲವೆಂಬ ಚಿಂತೆ ಅವರಿಗೆ ಮೊದಲಿನಿಂದಲೂ ಇತ್ತು.

“ಗುರುಗಳೇ, ನೀವು ಶಾಸ್ತ್ರ ತಿಳಿದೋರು. ಇದನ್ನ ಸ್ವಲ್ಪ ಆಚೆ ಇಡ್ಸಿದ್ರೆ ದೋಷ ಏನಾದ್ರೂ ಬರುತ್ತಾ?” ಎಂದು ಕೇಳಿದರು.

ನಾನು ಬಗ್ಗಿ ನೋಡಿದೆ. ಕಲ್ಲಿನ ಬುಡದಲ್ಲಿ ಒಣಗಿದ ಕೋಳಿಪುಕ್ಕವೊಂದು ಅಂಟಿತ್ತು. ನನ್ನ ಮನಸ್ಸು ಅಲ್ಲಿಯೇ ತೀರ್ಪು ಬರೆದು ಮುಗಿಸಿತು. “ವಿಧಿಪೂರ್ವಕವಾಗಿ ಪ್ರಾಣಪ್ರತಿಷ್ಠೆಯಾಗದ ಶಿಲೆ ಶಿಲೆಯೇ. ಕದಲಿಸಿದರೆ ದೋಷವಿಲ್ಲ,” ಎಂದೆ.

ಹಿಂದಿರುಗಿ ನೋಡಿದರೆ ತೋಟದಮ್ಮ ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

“ಹಂಗಾರೆ ಇದ್ರಾಗೆ ದ್ಯಾವ್ರು ಇಲ್ವಾ ಸಾಮೀ?”

“ದೇವರು ಎಲ್ಲೆಲ್ಲೂ ಇದ್ದಾನೆ ತಾಯಿ,” ಎಂದೆ. ಎಷ್ಟು ಸುಲಭದ ಮಾತು!

“ಎಲ್ಲಾ ಕಡೇನೂ ಅವ್ನೆ ಅಂದ್ಮೇಲೆ ಇಲ್ಲೂ ಇರ್ಬೇಕಲ್ವಾ?”

ಆಕೆ ವಾದಕ್ಕೆ ಕೇಳಿದ್ದಲ್ಲ; ತಿಳಿಯಲು ಕೇಳಿದ್ದು. ನನಗೆ ಉತ್ತರ ಗೊತ್ತಿತ್ತು. ಪಾಠಶಾಲೆಯಲ್ಲಿ ನನ್ನ ಗುರುಗಳು ಪ್ರತಿಷ್ಠಾವಿಧಿಯನ್ನು ಹೇಳಿಕೊಟ್ಟ ದಿನವೇ ಅದರ ಮುಂದಿನ ಮಾತನ್ನೂ ಹೇಳಿದ್ದರು: ಯಾರೂ ಸ್ಥಾಪಿಸದೆ ತಲೆಮಾರುಗಳಿಂದ ಪೂಜೆಗೊಂಡುಬಂದ ಶಿಲೆಯಲ್ಲಿ ಆ ಪೂಜೆಯಿಂದಲೇ ಸಾನ್ನಿಧ್ಯ ನೆಲೆಗೊಳ್ಳುತ್ತದೆ, ಅಂಥದನ್ನು ಅದರ ಭಕ್ತರ ಒಪ್ಪಿಗೆಯಿಲ್ಲದೆ ಅಲುಗಿಸಬಾರದು. ಐವತ್ತು ವರ್ಷ ನಾನೂ ಶಿಷ್ಯರಿಗೆ ಇದೇ ಪಾಠ ಹೇಳಿದ್ದೆ. ಅಂದು ಮೊದಲರ್ಧವನ್ನು ಒಡೆಯರಿಗೆ ಹೇಳಿದೆ, ಉಳಿದರ್ಧವನ್ನು ನುಂಗಿದೆ. ಚಪ್ಪರ ನಿಲ್ಲಬೇಕಿತ್ತು, ಬಂಧುಗಳು ಬಂದಾಗಿತ್ತು, ಆ ಪುಕ್ಕ ಕಣ್ಣಿಗೆ ಚುಚ್ಚುತ್ತಿತ್ತು… ಜಪಕ್ಕೆ ಹೊತ್ತಾಯಿತೆಂದು ಒಳಗೆ ನಡೆದುಬಿಟ್ಟೆ.

ಜಪಮಣೆಯ ಮೇಲೆ ಕುಳಿತಾಗ ಹಾರೆಯ ಸದ್ದು ಕೇಳಿಸಿತು. ಚಪ್ಪರದ ಆಳುಗಳು ಕಲ್ಲನ್ನು ಮೀಟಿ, ಉರುಳಿಸಿಕೊಂಡು ಹೋಗಿ, ಜನರೇಟರ್ ಕೋಣೆಯ ಗೋಡೆಗೆ ಒರಗಿಸಿದರು. ಮರುದಿನ ಹೋಮ ಸಾಂಗವಾಗಿ ನಡೆಯಿತು. ಎಪ್ಪತ್ತು ಮಂದಿ ಬಂಧುಗಳು ನನಗೆ ನಮಸ್ಕರಿಸಿದರು. ತೋಟದಮ್ಮನೂ ಚಪ್ಪರದಾಚೆ ನಿಂತು ಕೈಮುಗಿದರು. ನಾನು ಅಕ್ಷತೆ ಹಾಕಿ ಹರಸಿದೆ. ಆಕೆಯ ಮುಖದಲ್ಲಿ ಕೋಪವಿದ್ದಿದ್ದರೆ ನನಗೆ ಒಳಿತಾಗುತ್ತಿತ್ತು.

ಎರಡು ವರ್ಷದ ಅನಂತರ ಮೊಮ್ಮಗನ ಉಪನಯನಕ್ಕೆ ಮತ್ತೆ ಅದೇ ಬಂಗಲೆಗೆ ಹೋದೆವು. ಹೊಂಗೆಮರದ ಕೆಳಗೆ ಮರದ ಹಲಗೆ ಹಾಸಿದ ಜಗಲಿಯೂ ಅದರ ಮೇಲೊಂದು ಉಯ್ಯಾಲೆಯೂ ಬಂದಿದ್ದವು. ತೋಟದಮ್ಮ ಇರಲಿಲ್ಲ, ಕೆಲಸ ಬಿಟ್ಟು ಊರೊಳಗೆ ಸೊಸೆಯ ಮನೆ ಸೇರಿದ್ದಾರೆಂದು ಅಲ್ಲಿದ್ದವರು ಹೇಳಿದರು. ಊರೊಳಗೆಂದರೆ ಅರ್ಧ ಮೈಲಿ. ನಾನು ಹೋಗಲಿಲ್ಲ. ಮುಹೂರ್ತದ ಗಡಿಬಿಡಿಯೆಂದು ಹೇಳಿಕೊಂಡೆ…

ಕಳೆದ ತಿಂಗಳು ಎದುರುಮನೆಯವರು ತಂಬಿಟ್ಟು ಕೊಟ್ಟ ಮೂರನೆಯ ದಿನ ಬಸ್ಸು ಹತ್ತಿ ಲಕ್ಕೂರಿಗೆ ಹೋದೆ. ಸೊಸೆ ಗುರುತು ಹಿಡಿದಳು. ಅತ್ತೆ ತೀರಿಹೋಗಿ ಒಂದು ವರ್ಷವಾಯಿತೆಂದಳು. ನಾನು ಜಗಲಿಯ ಮೇಲೆ ಕುಳಿತು ಆ ಕಲ್ಲಿನ ವಿಷಯ ಕೇಳಿದೆ.

“ನಮ್ ಚಿಕ್ಕಮಾವ ಬೇರೆ ಹೊಲಕ್ಕೆ ತಗೊಂಡೋಗಿ ನಿಲ್ಲಿಸ್ತೀನಿ ಅಂದ್ರು ಸಾಮೀ. ಅತ್ತೆ ಬಿಡ್ಲಿಲ್ಲ. ‘ದೊಡ್ಡ ಓದಿದೋರು ಹೇಳವ್ರೆ, ಅದು ಬರೀ ಕಲ್ಲಂತೆ. ಬರೀ ಕಲ್ಲಿಗೆ ಅಷ್ಟು ದೂರದಿಂದ ಹೆಣ್ಮಕ್ಳನ್ನ ಕರೆಸೋದು ಮೋಸ’ ಅಂದ್ಬಿಟ್ರು. ಎಲ್ಲಾರ್ಗೂ ತಾವೇ ಫೋನ್ ಮಾಡ್ಸಿ ಬರ್ಬೇಡಿ ಅಂದ್ರು. ಅಲ್ಲಿಗೆ ನಿಂತೋಯ್ತು.”

ನಾನು ಎಣಿಸಿಕೊಂಡಿದ್ದದ್ದು ಬೇರೆ. ಆಕೆ ನನ್ನನ್ನು ಶಪಿಸಿರಬಹುದು, ಒಡೆಯರನ್ನು ಬೈದಿರಬಹುದು ಎಂದುಕೊಂಡಿದ್ದೆ. ಆಕೆ ನನ್ನನ್ನು ನಂಬಿದ್ದರು. ಅರ್ಧ ಸತ್ಯವನ್ನು ಪೂರ್ತಿ ನಂಬಿ, ತಮ್ಮ ಕೈಯಿಂದಲೇ ತಮ್ಮ ದೇವರನ್ನೂ ತಮ್ಮವರನ್ನೂ ಕಳೆದುಕೊಂಡಿದ್ದರು.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು. “ನೀವೇ ಹೇಳಿ ಸಾಮೀ, ನಿಜವಾಗ್ಲೂ ಅದ್ರಾಗೆ ದ್ಯಾವ್ರು ಇರ್ಲಿಲ್ವಾ?”

“ಇದ್ದನಮ್ಮ,” ಎಂದೆ. ನನ್ನ ಗುರುಗಳು ಹೇಳಿದ ಆ ಇನ್ನೊಂದು ಅರ್ಧವನ್ನೂ ಹೇಳಿದೆ. “ನನಗೆ ಗೊತ್ತಿತ್ತು. ಹೇಳಲಿಲ್ಲ.”

“ಅತ್ತೆ ಇದ್ದಾಗ ಬರ್ಬೇಕಿತ್ತು ನೀವು,” ಎಂದಳು.

ಇದನ್ನೆಲ್ಲ ಬರೆದು ಸಹಿ ಹಾಕಿಕೊಡುತ್ತೇನೆ, ನಿಮ್ಮವರಿಗೆ ತೋರಿಸು ಎಂದೆ. ಆಕೆ ಬೇಡವೆಂದು ತಲೆಯಾಡಿಸಿದಳು. “ನಮ್ಮೋರು ಕಾಗ್ದ ಓದಲ್ಲ ಸಾಮೀ. ಬಾಯಲ್ಲಿ ಹೇಳಿದ್ದು, ಬಾಯಲ್ಲೇ ಹೋಗಿ ಹೇಳಿ.” ಮೂರು ಊರುಗಳಲ್ಲಿ ಯಾರ ಯಾರ ಮನೆಯೆಂದು ತಿಳಿಸಿದಳು.

ಕಳೆದ ವಾರ ಸುಗಟೂರಿಗೆ ಹೋಗಿಬಂದೆ. ತೋಟದಮ್ಮನ ನಾದಿನಿ ಹಾಲಿನ ಕ್ಯಾನು ತೊಳೆಯುತ್ತಿದ್ದವರು ಎದ್ದು ಬಂದು ಸೆರಗು ಹೊದ್ದು ನಿಂತರು. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಆಗ ಹೇಳಿದ್ದು ತಪ್ಪು, ನಿಮ್ಮ ಹಿರಿಯರು ದೀಪ ಹಚ್ಚಿದ್ದು ದೇವರಿಗೇ ಎಂದೆ. ಆಕೆ ಕೈಮುಗಿದು ಕೇಳಿದರು. ಆಮೇಲೆ, “ಸರಿ ಸಾಮೀ, ಬರ್ತೀವಿ. ಇವಾಗ ಅವ್ನು ಎಲ್ಲವ್ನೆ?” ಎಂದರು.

ಉಯ್ಯಾಲೆಯ ಜಗಲಿ ಕಟ್ಟುವಾಗ ಜನರೇಟರ್ ಕೋಣೆಯ ಬಳಿಯಿದ್ದ ಕಲ್ಲುಗಳನ್ನೆಲ್ಲ ಪಾಯಕ್ಕೆ ತುಂಬಿದರೆಂದು ಸೊಸೆ ನನಗೆ ಹೇಳಿದ್ದಳು. ಅದನ್ನು ನಾನು ನಾದಿನಿಗೆ ಹೇಳಿದೆ. ಈ ಸಲ ಯಾವುದನ್ನೂ ಉಳಿಸಿಕೊಳ್ಳಲಿಲ್ಲ. ಆಕೆ ಹೋಗಿ ಮತ್ತೆ ಕ್ಯಾನಿನ ಮುಂದೆ ಕುಳಿತರು.

ಇನ್ನು ದೇವರಾಯಸಮುದ್ರವಿದೆ, ಶ್ರೀನಿವಾಸಪುರದ ಕಡೆಯ ಆ ಹಳ್ಳಿಯಿದೆ. ಏಕಾದಶಿ ಕಳೆದ ಮೇಲೆ ಹೊರಡಬೇಕು. ಅವನೀಗ ಎಲ್ಲಿ ಎಂಬ ಪ್ರಶ್ನೆಯನ್ನು ಅಲ್ಲಿಯೂ ಕೇಳುತ್ತಾರೆ…