ಶಾವಿಗೆ ಮಣೆಯ ಮುಂದೆ ಕೂತ ವರ

೧೯೭೮ರ ಬೇಸಿಗೆ. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ನನ್ನ ಲಗ್ನದ ಮಾತು ಮುರಿದುಬಿದ್ದಿತ್ತು. ಮುರಿದವರು ಬೇರೆ ಯಾರೂ ಅಲ್ಲ, ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅತ್ತಿ, ಅಂದರೆ ನಮ್ಮಪ್ಪನ ಅಕ್ಕ.

ವರ ಸೊಲ್ಲಾಪುರದ ಚಾದರ ವ್ಯಾಪಾರಿಗಳ ಮನೆಯವರು. ಅಣ್ಣಂದಿರೆಲ್ಲ ಗಾದಿಯ ಮೇಲೆ ಕೂತು ಚಾದರ ಮಾರಿದರೆ, ಇವರೊಬ್ಬರು ಎಂಜಿನಿಯರಿಂಗ್ ಓದಿ ಮುಂಬಯಿ ಕಡಲಿನ ಕೆಲಸಕ್ಕೆ ಸೇರಿದ್ದರು. ಅಲ್ಲಿ ಕಡಲಿನ ತಳದಲ್ಲಿ ಎಣ್ಣೆ ಸಿಕ್ಕಿತ್ತು. ಅದನ್ನು ದಂಡೆಗೆ ತರುವ ಕೊಳವೆಯನ್ನು ನೀರಿನಡಿ ಹಾಸುವ ಕೆಲಸ ನಡೆದಿತ್ತು.

ಅತ್ತಿಯ ಗಂಡ ಬೋರಿ ಹೊಳೆಯ ಮಹಾಪೂರದಲ್ಲಿ ಕೊಚ್ಚಿ ಹೋಗಿದ್ದರು. ಅದು ನಾನು ಹುಟ್ಟುವ ಮೊದಲಿನ ಮಾತು. ಗಂಡನ ಊರಾದ ಹನ್ನೂರ ಬಿಟ್ಟು ತವರಿಗೆ ಬಂದ ಅತ್ತಿ ಮತ್ತೆ ಹೊಳೆಯ ಕಡೆ ಮುಖ ಹಾಕಿರಲಿಲ್ಲ. "ಕಡಲಾಗ ನೌಕರಿ ಮಾಡೋ ವರಾ ನಮ್ಮ ಹುಡಿಗಿಗೆ ಬ್ಯಾಡೇ ಬ್ಯಾಡ" ಎಂದು ಪಟ್ಟು ಹಿಡಿದರು. ಅಪ್ಪ ಅಕ್ಕನ ಮಾತು ಮೀರುವವರಲ್ಲ; ಆಗುವುದಿಲ್ಲವೆಂದು ಸೊಲ್ಲಾಪುರಕ್ಕೆ ಹೇಳಿ ಕಳಿಸಿದರು. ನನ್ನನ್ನು ಯಾರು ಕೇಳುತ್ತಾರೆ? ಹೆಣ್ಣು ನೋಡಲು ಬಂದ ದಿನ ಹುಡುಗ ಒಂದೇ ನೋಟಕ್ಕೆ ಮನಸ್ಸಿಗೆ ಹಿಡಿಸಿದ್ದರು, ಹೇಳಲು ಬಾಯಿರಲಿಲ್ಲ. ಪಾತ್ರೆಗಳನ್ನು ದಡಬಡ ಇಟ್ಟು ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅದಾದ ಮೊದಲ ಗುರುವಾರ ನಮ್ಮ ಪಡಸಾಲೆಯಲ್ಲಿ ಶಾವಿಗೆ ಹೊಸೆಯುವುದು ನಡೆದಿತ್ತು. ಇಳಿಜಾರಾಗಿ ಇಟ್ಟ ಗೀರು ಗೀರಿನ ಮಣೆಯ ಮೇಲೆ ಅತ್ತಿ ಕೂತು ಕಣಕ ಹೊಸೆಯುತ್ತಿದ್ದರು. ಕೆಳಗೆ ಇಳಿದು ಬರುವ ಎಳೆಯನ್ನು ಪಕ್ಕದ ಮನೆಯ ಶಾರದಾಕಾಕು ಹದವಾಗಿ ಎಳೆದು ಕೊಡುತ್ತಿದ್ದರು. ನಾನು ಅದನ್ನು ಕೋಲಿಗೆ ಹಾಕುತ್ತಿದ್ದೆ. ಮೊಣಕೈವರೆಗೆ ಹಿಟ್ಟು, ಸೀರೆ ಎತ್ತಿ ಸಿಕ್ಕಿಸಿದ್ದೆ, ತಲೆಯಂತೂ ಕೇಳಬೇಡಿ. ಅಂಥ ಹೊತ್ತಿನಲ್ಲಿ ಬಾಗಿಲಲ್ಲಿ ಬಂದು ನಿಂತವರು ಯಾರು? ಅದೇ ವರ! ನಮ್ಮೂರ ಗುಡಿಯ ಸ್ವಾಮಿಯ ದರ್ಶನಕ್ಕೆಂದು ಮನೆಯಲ್ಲಿ ಹೇಳಿ, ಒಬ್ಬರೇ ಬಸ್ಸು ಹತ್ತಿ ಬಂದಿದ್ದರು.

ಅತ್ತಿ ತಲೆ ಎತ್ತಲಿಲ್ಲ. "ಗಂಡಸರು ಅಂಗಡ್ಯಾಗ ಅದಾರ. ಅಲ್ಲಿಗ್ ಹೋಗ್ರಿ."

"ನಾ ನಿಮ್ಮ ಹತ್ರಾನೇ ಬಂದೀನ್ರಿ" ಎಂದರು.

ಶಾರದಾಕಾಕು ಕಿಸಕ್ಕನೆ ನಕ್ಕರು, ಎಳೆ ತುಂಡಾಯಿತು. ನಾನು ಬಾಗಿಲ ಹಿಂದೆ ಸೇರಿಕೊಂಡೆ, ಕಿವಿ ಮಾತ್ರ ಹೊರಗೇ ಇದ್ದವು.

ವರ ಸಂಕೋಚವಿಲ್ಲದೆ ನೆಲದ ಮೇಲೆ ಕೂತು ಮಣೆಯನ್ನೇ ನೋಡಿದರು. "ನಮ್ಮ ಕೆಲ್ಸಾನೂ ಇದೇ ನೋಡ್ರಿ. ಹಡಗದ ಮ್ಯಾಲ ಕೊಳವಿಗೆ ಕೊಳವಿ ಬೆಸ್ಕೋತ ಹೋಗ್ತೀವಿ. ಹಿಂದ ಹಿಂಗೇ ಇಳಿಜಾರ ಇರ್ತೈತಿ, ಅದರ ಮ್ಯಾಲಿಂದ ನೀರಿಗೆ ಇಳಿತೈತಿ. ಜಗ್ಗಿ ಹಿಡ್ಕೊಂಡೇ ಇಳಿಸಬೇಕು. ಸಡ್ಲ ಬಿಟ್ರ ತಳದ ಹತ್ರ ಮಡಚಿ ಹೋಗ್ತೈತಿ."

"ಕಬ್ಬಣ ಮಡಚತೈತೇನು?" ಅತ್ತಿಯ ದನಿಯಲ್ಲಿ ಅಪನಂಬಿಕೆ.

"ಉದ್ದ ಆದ್ರ ಕಬ್ಬಣಾನೂ ಬಾಗತೈತ್ರಿ. ಒಳಗ ಬರೇ ಗಾಳಿ, ತೇಲಿ ಬರಬಾರ್ದು ಅಂತ ಮೈತುಂಬ ಸಿಮೆಂಟಿನ ಅಂಗಿ ತೊಡಸಿರ್ತೀವಿ. ಎಷ್ಟು ಜಗ್ಗಬೇಕು, ಎಷ್ಟು ಬಾಗಿದ್ರ ಮುರಿತೈತಿ, ಅದನ್ನ ನೋಡೋದು ನನ್ನ ಕೆಲ್ಸಾ. ನಾ ನೀರಾಗ ಇಳಿಯಂಗಿಲ್ರಿ."

"ಮಾತು ಬರೋಬರ್ ಬರ್ತಾವ. ಹಿಡೀರಿ ನೋಡೋಣ" ಎಂದು ಅತ್ತಿ ಹೊಸೆಯತೊಡಗಿದರು. ಕಾಕು ಸರಿದು ಜಾಗ ಕೊಟ್ಟರು. ಮೊದಲನೆಯ ಎಳೆ ಪಟಕ್ಕನೆ ಹರಿಯಿತು. ಎರಡನೆಯದು ಜೋತುಬಿದ್ದು ನೆಲ ಮುಟ್ಟಿತು. "ಅಯ್ಯ ಶಿವನೇ, ಕಡಲಾಗೂ ಹಿಂಗೇ ಏನ್ರೀ?" ಎಂದು ಕಾಕು ಹೊಟ್ಟೆ ಹಿಡಿದುಕೊಂಡು ನಕ್ಕರು. ವರನ ಕಿವಿ ಕೆಂಪಾದವು. ಆದರೂ ಏಳಲಿಲ್ಲ, ಪುಣ್ಯಾತ್ಮ. ಕೊನೆಗೊಂದು ಎಳೆ ಸರಿಯಾಗಿ ಬಂತು. ನಾನು ಬಾಗಿಲ ಹಿಂದಿನಿಂದ ಬಂದು ಅದನ್ನು ತೆಗೆದುಕೊಂಡೆ.

ಅತ್ತಿ ಮಾತ್ರ ನಗಲಿಲ್ಲ. ಮುಂದಿನ ಎಳೆ ಹೊಸೆಯುತ್ತ ಕೇಳಿದರು: "ಗಾಳಿ ಎದ್ರ ಏನ್ ಮಾಡ್ತೀರಿ?"

"ಬಿಟ್ಟು ಬರ್ತೀವ್ರಿ."

"ಏನು?"

"ಅಲಿ ಎದ್ದಾಗ ಹಿಡ್ಕೊಂಡ್ ಕುಂತ್ರ ಕೊಳವೀನೂ ಮುರಿತೈತಿ, ಹಡಗದಾಗಿನ ಮಂದಿ ಜೀವಕ್ಕೂ ಧೋಕಾ. ಅದಕ್ಕ ಕೊಳವಿ ಬಾಯಿಗೆ ಮುಚ್ಚಳ ಬೆಸದು, ಉಕ್ಕಿನ ಹಗ್ಗದಿಂದ ಸಾವಕಾಶ ತಳದಾಗ ಮಲಗಸ್ತೀವಿ. ಗುರ್ತಿಗೆ ಒಂದು ತೇಲೋ ಡಬ್ಬಿ ಕಟ್ಟಿ ಬಿಟ್ಟು ಬರ್ತೀವಿ. ಗಾಳಿ ಇಳಿದ ಮ್ಯಾಲ ಹೋಗಿ ಎತ್ತೋದು."

ಅತ್ತಿಯ ಕೈ ಮಣೆಯ ಮೇಲೆ ನಿಂತುಬಿಟ್ಟಿತು. ಇಷ್ಟು ವರ್ಷ ನಮಗಾರಿಗೂ ಹೇಳದ ಮಾತನ್ನು ಆ ಹೊರಗಿನ ಹುಡುಗನಿಗೆ ಹೇಳಿದರು. "ಪೂರದಾಗ ನಮ್ಮವ್ರು ಎಮ್ಮಿ ಹಗ್ಗ ಬಿಡ್ಲಿಲ್ಲಪ್ಪ. ನಾ ದಂಡಿ ಮ್ಯಾಲ ನಿಂತು ಬಿಡ್ರಿ, ಬಿಡ್ರಿ ಅಂತ ಒದರಾಕತ್ತೀನಿ. 'ಎಮ್ಮಿ ಬಿಟ್ಟು ಬಂದ್ರ ನಮ್ಮಪ್ಪ ಬೈತಾನ' ಅಂದ್ರು. ಅದೇ ಕಡಿ ಮಾತು."

ಅತ್ತಿ ಮೂಗು ಒರೆಸಿಕೊಂಡು ಮತ್ತೆ ಕೇಳಿದರು, ಈ ಸಲ ಬಹಳ ಸಣ್ಣ ದನಿಯಲ್ಲಿ: "ನೀವು ಬಿಟ್ಟು ಬಂದ್ರ ನಿಮ್ಮ ಸಾಹೇಬ್ರು ಬೈಯಂಗಿಲ್ಲೇನು?"

"ಬೈತಾರ್ರಿ, ಭಾಳ ಬೈತಾರ. ಬೈಸ್ಕೊಂಡು ಮನಿಗೆ ಬರ್ತೀನಿ."

ಅತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ವರ ಪಾಪ, ಏನು ತಪ್ಪು ಮಾಡಿದೆನೋ ಎಂಬಂತೆ ಹಿಟ್ಟಿನ ಕೈಯಲ್ಲೇ ಕೂತಿದ್ದರು. ಕೊನೆಗೆ ಅತ್ತಿ ಕಣ್ಣೊರೆಸಿಕೊಂಡು ನನ್ನ ಮೇಲೇ ಹರಿಹಾಯ್ದರು: "ಏನ್ ನೋಡ್ಕೋತ ನಿಂತೀಯೇ? ಅಳಿಯಂದ್ರಿಗೆ ಚಹಾ ಮಾಡ್ ಹೋಗ!"

ನನಗೆ ಆ ವರನ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಅವತ್ತು. ಮೊದಲನೆಯದು ಬರೀ ರೂಪ ನೋಡಿ ಆದ ಮರುಳು.

ಮಳೆಗಾಲ ಬರುವ ಮೊದಲೇ ಲಗ್ನವಾಯಿತು. ಮುಂದೆ ಅತ್ತಿ ಇರುವವರೆಗೂ ಒಂದು ರೂಢಿ ನಡೆಯಿತು. ರಜೆಗೆ ಬಂದ ನಮ್ಮ ಯಜಮಾನರು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋದರೆ, ನೀರು ಕೊಡುವ ಮೊದಲೇ ಅತ್ತಿ ಕೇಳುವರು, "ಬೈಸ್ಕೊಂಡ್ ಬಂದ್ಯಾ?" ಇವರು ಚಪ್ಪಲಿ ಬಿಡುತ್ತ ಮುಖ ಸಪ್ಪಗೆ ಮಾಡಿ, "ಈ ಸಲ ಭಾಳಾನೇ ಬೈದ್ರು ಅತ್ತಿ" ಎನ್ನುವರು. ಎಷ್ಟೋ ಸಲ ಯಾರೂ ಬೈದಿರುತ್ತಿರಲಿಲ್ಲ. ನನಗದು ಗೊತ್ತು. ಅತ್ತಿಗೂ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ. ಆದರೂ ಅಷ್ಟು ಕೇಳಿದ ಮೇಲೇ ಅವರ ಮುಖ ಅರಳುತ್ತಿತ್ತು. "ಬೈಲಿ ಬಿಡು. ಬಂದ್ಯಲ್ಲ" ಎಂದು ಇವರ ಬೆನ್ನ ಮೇಲೆ ಕೈಯಾಡಿಸುತ್ತಿದ್ದರು.